ಹುಷಾರಿಲ್ದಾಗ, ಬಾಣಂತನದಲ್ಲಿ ಇಎಸ್‌ಐ ದುಡ್ಡು ಕೈಗೆ ಬರ್ಬೇಕಂದ್ರೆ ಮೊದ್ಲು ನಿಮ್ಮ ದಿನ ಎಣಿಸ್ಕೊಳ್ಳಿ

ನಮ್ಮ ವಠಾರದಲ್ಲಿ ಮೇಲಿನ ಮನೆ ಅಕ್ಕಂಗೆ ಆಗಸ್ಟಲ್ಲಿ ಡೆಂಗ್ಯೂ ಆಗಿತ್ತು, 16 ದಿನ ಫ್ಯಾಕ್ಟರಿಗೆ ಹೋಗಿಲ್ಲ, ಇಎಸ್‌ಐ, ಅಂದ್ರೆ ಸಂಬಳದಲ್ಲಿ ಸ್ವಲ್ಪ ಹಿಡ್ದು ನಡೆಸೋ ನೌಕರರ ವಿಮೆ, ಅದರ ಡಿಸ್ಪೆನ್ಸರಿ ಡಾಕ್ಟ್ರು ಸರ್ಟಿಫಿಕೇಟೂ ಕೊಟ್ಟಿದ್ರು, ಆದ್ರೆ ಇಎಸ್‌ಐ ಬ್ರಾಂಚ್ ಆಫೀಸಲ್ಲಿ "ನಿಮಗೆ ಬರಲ್ಲಮ್ಮ, ದಿನ ಕಮ್ಮಿ ಇದೆ" ಅಂದು ಕಳ್ಸಿದಾರೆ. ಅವತ್ತು ಸಂಜೆ ನನ್ನ ಹತ್ರ ಬಂದು "ನೀನು ಟೈಮ್ ಆಫೀಸಲ್ಲಿ ಹಾಜರಿ ನೋಡ್ಕೊಂಡು ಇದ್ದೋಳಲ್ವಾ, ನೋಡೇ ಸ್ವಲ್ಪ" ಅಂದ್ರು. ಇಬ್ರೂ ಮೆಟ್ಟಿಲ ಮೇಲೆ ಕೂತು ಅವರ ಫೋನಲ್ಲೇ ಇಎಸ್‌ಐ ವೆಬ್‌ಸೈಟ್ ತೆಗ್ದು ಯಾವ ತಿಂಗಳು ಎಷ್ಟು ದಿನದ ಸಂಬಳಕ್ಕೆ ಇಎಸ್‌ಐ ಕಟ್ಟಿದಾರೆ ಅಂತ ಬರ್ಕೊಂಡ್ವಿ. ಅಕ್ಟೋಬರ್ 24, ನವೆಂಬರ್ 25, ಡಿಸೆಂಬರ್ 9, ಜನವರಿ ಸೊನ್ನೆ, ಫೆಬ್ರವರಿ 7, ಮಾರ್ಚ್ 11. ಕೂಡಿದ್ರೆ 76. ಬೇಕಾಗಿರೋದು 78. ಎರಡೇ ಎರಡು ದಿನ ಕಮ್ಮಿ.

ಡಿಸೆಂಬರ್‌ನಿಂದ ಫೆಬ್ರವರಿವರೆಗೂ ಅವರಮ್ಮಂಗೆ ಹುಷಾರಿಲ್ಲ ಅಂತ ಊರಲ್ಲಿದ್ರು, ಅದು ಸರಿ. ಆದ್ರೆ ಮಾರ್ಚಲ್ಲಿ 11 ಅಂತ ಹೇಗೆ ಬಂತು, ಅವರು ಪೂರ್ತಿ ತಿಂಗಳು ಅಲ್ದಿದ್ರೂ ಅದಕ್ಕಿಂತ ಜಾಸ್ತಿ ದಿನ ಹೋಗಿದ್ರಲ್ಲ ಅಂತ ಪೇ ಸ್ಲಿಪ್ ಹುಡ್ಕಿದ್ವಿ. ಅಕ್ಕಿ ಡಬ್ಬದ ಮೇಲಿನ ಪ್ಲಾಸ್ಟಿಕ್ ಕವರಲ್ಲಿ ಎಲ್ಲ ಸ್ಲಿಪ್ಪೂ ಮಡಚಿ ಇಟ್ಟಿದ್ರು, ಪುಣ್ಯಕ್ಕೆ. ಮಾರ್ಚ್ ಸ್ಲಿಪ್ಪಲ್ಲಿ ಸಂಬಳ ಕೊಟ್ಟ ದಿನ 19 ಅಂತ ಸ್ಪಷ್ಟವಾಗಿ ಇತ್ತು! ಅಂದ್ರೆ ಆಫೀಸಲ್ಲಿ ಯಾರೋ 19ನ 11 ಅಂತ ಎಂಟ್ರಿ ಮಾಡಿದಾರೆ. ಕಂಪನಿಯವರು ಪತ್ರ ಬರ್ದು ಸರಿ ಮಾಡ್ಸೋಕೆ ಒಂದು ತಿಂಗಳೇ ಹಿಡೀತು, ಆಮೇಲೆ 84 ದಿನ ಆಯ್ತು, ದುಡ್ಡೂ ಬಂತು. ಆ ಸ್ಲಿಪ್ ಇಲ್ದೇ ಇದ್ದಿದ್ರೆ ಬರ್ತಿರ್ಲಿಲ್ಲ.

ಅವತ್ತಿಂದ ಇದನ್ನ ಬರೀಬೇಕು ಅಂತ ಮನಸಲ್ಲಿತ್ತು, ಯಾಕಂದ್ರೆ ಎಲ್ರೂ ಜ್ವರ ಬಂದ್ಮೇಲೆ, ಇಲ್ಲ ಎಂಟು ತಿಂಗಳು ತುಂಬಿದ್ಮೇಲೆ ಕೇಳೋಕೆ ಬರ್ತಾರೆ. ಅಷ್ಟೊತ್ತಿಗೆ ತೀರ್ಮಾನ ಆಗಿಹೋಗಿರುತ್ತೆ. ನಿಮಗೆ ದುಡ್ಡು ಬರುತ್ತಾ ಇಲ್ವಾ ಅನ್ನೋದು ಹುಷಾರು ತಪ್ಪೋ ಎಷ್ಟೋ ತಿಂಗಳು ಮುಂಚೆನೇ ಆ ಎಂಟ್ರಿಯಲ್ಲಿ ಬರ್ದು ಹೋಗಿರುತ್ತೆ.

ಮೊದ್ಲು ನೀವು ಇಎಸ್‌ಐಗೆ ಸೇರ್ತೀರಾ ನೋಡ್ಕೊಳ್ಳಿ. 10 ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡೋ ಫ್ಯಾಕ್ಟರಿ, ಅಂಗಡಿ, ಹೋಟ್ಲು, ಆಸ್ಪತ್ರೆ, ಸ್ಕೂಲು ಇಂಥ ಕಡೆ ತಿಂಗಳಿಗೆ 21,000 ರೂಪಾಯಿ ಒಳಗೆ ಸಂಬಳ ಇದ್ರೆ ನೀವು ಇಎಸ್‌ಐಲಿ ಇರ್ಬೇಕು, ಅಂಗವಿಕಲರಿಗೆ 25,000 ತನಕ. ಪೇ ಸ್ಲಿಪ್ಪಲ್ಲಿ ಇಎಸ್‌ಐ ಅಂತ ಒಂದು ಸಾಲು ಇರುತ್ತೆ, ನಿಮ್ಮ ಕಡೆಯಿಂದ ನೂರಕ್ಕೆ 75 ಪೈಸೆ ಹಿಡೀತಾರೆ, ಕಂಪನಿ ನೂರಕ್ಕೆ ಮೂರೂಕಾಲು ರೂಪಾಯಿ ಹಾಕ್ಬೇಕು. 15,000 ಸಂಬಳ ಅಂದ್ರೆ ನಿಮ್ಮದು 113 ರೂಪಾಯಿ ಕಟ್ ಆಗಿರುತ್ತೆ. ತುಂಬಾ ಜನ "ಆ 113 ರೂಪಾಯಿ ವೇಸ್ಟು, ನಾವು ಆ ಆಸ್ಪತ್ರೆಗೆ ಹೋಗೋದೇ ಇಲ್ಲ" ಅಂತಾರೆ, ಅದು ಬರೀ ಮಾತ್ರೆ ದುಡ್ಡಲ್ಲ ರೀ, ರಜೆ ದಿನದ ಸಂಬಳದ ದುಡ್ಡೂ ಅದರಲ್ಲೇ ಇದೆ ಅಂತ ಯಾರೂ ಅವರಿಗೆ ಹೇಳಿರಲ್ಲ.

ಕಾಂಟ್ರಾಕ್ಟರ್ ಕೆಳಗೆ ಇರೋರು, ಹೌಸ್‌ಕೀಪಿಂಗ್, ಸೆಕ್ಯೂರಿಟಿ ಇವರೆಲ್ಲಾ ನಮಗಿಲ್ಲ ಅಂದ್ಕೋಬೇಡಿ. ನಿಮಗೂ ಇದೆ, ಕಾಂಟ್ರಾಕ್ಟರ್ ಕಟ್ಟಿಲ್ಲ ಅಂದ್ರೆ ನೀವು ಕೆಲಸ ಮಾಡೋ ಮೇನ್ ಕಂಪನಿನೇ ಕಟ್ಟಿಕೊಡ್ಬೇಕು. 10 ಅಂಕಿಯ ಇನ್ಶೂರೆನ್ಸ್ ನಂಬರ್ ಇರುತ್ತೆ, ಅದನ್ನ ಕೇಳಿ ತಗೊಳ್ಳಿ. 17 ಅಂಕಿ ಇರೋದು ಕಂಪನಿ ಕೋಡು, ಅದನ್ನ ಕೊಟ್ಟು "ಇದೇ ನಿಮ್ಮ ನಂಬರ್" ಅನ್ನೋರೂ ಇದಾರೆ, ಅಂಕಿ ಎಣಿಸಿ ನೋಡಿ. ಕಾಂಟ್ರಾಕ್ಟರ್ ಬದಲಾದಾಗೆಲ್ಲಾ ಹೊಸ ನಂಬರ್ ಮಾಡ್ಸೋಕೆ ಬಿಡ್ಬೇಡಿ, ಹಳೇ ನಂಬರನ್ನೇ ಮುಂದುವರ್ಸಿ ಅಂತ ಗಟ್ಟಿಯಾಗಿ ಹೇಳಿ, ಎರಡು ನಂಬರಲ್ಲಿ ದಿನ ಹಂಚಿಹೋದ್ರೆ ಎರಡರಲ್ಲೂ ಸಾಲ್ದೇ ಹೋಗುತ್ತೆ.

ಈಗ ದಿನದ ಲೆಕ್ಕ. ಇದನ್ನ ಮಾತ್ರ ನಿಧಾನವಾಗಿ ಓದಿ. ವರ್ಷನ ಆರಾರು ತಿಂಗಳ ಎರಡು ಅವಧಿ ಮಾಡಿದಾರೆ. ಏಪ್ರಿಲ್ ಒಂದರಿಂದ ಸೆಪ್ಟೆಂಬರ್ 30ರ ತನಕ ನೀವು ಕಟ್ಟಿದ್ದು ಮುಂದಿನ ಜನವರಿಯಿಂದ ಜೂನ್ ತನಕ ಕೆಲಸಕ್ಕೆ ಬರುತ್ತೆ. ಅಕ್ಟೋಬರ್ ಒಂದರಿಂದ ಮಾರ್ಚ್ 31ರ ತನಕ ಕಟ್ಟಿದ್ದು ಜುಲೈಯಿಂದ ಡಿಸೆಂಬರ್ ತನಕ ಕೆಲಸಕ್ಕೆ ಬರುತ್ತೆ. ಅಕ್ಕಂಗೆ ಆಗಸ್ಟಲ್ಲಿ ಜ್ವರ ಬಂದಿದ್ದಕ್ಕೇ ನಾವು ಅಕ್ಟೋಬರ್‌ನಿಂದ ಮಾರ್ಚ್ ನೋಡಿದ್ದು, ಏಪ್ರಿಲ್ ಆದ್ಮೇಲೆ ಅವರು ಒಂದಿನಾನೂ ರಜೆ ಹಾಕಿರ್ಲಿಲ್ಲ ಆದ್ರೂ ಅದು ಆ ಲೆಕ್ಕಕ್ಕೆ ಬರಲ್ಲ. ಆ ಆರು ತಿಂಗಳಲ್ಲಿ 78 ದಿನದ ಸಂಬಳಕ್ಕೆ ಇಎಸ್‌ಐ ಇರ್ಬೇಕು. ಹೊಸದಾಗಿ ಸೇರ್ದೋರಿಗೆ, ಅಂದ್ರೆ ಮೊದಲ್ನೇ ಸಲ ಇಎಸ್‌ಐಗೆ ಬಂದೋರಿಗೆ, ಸೇರಿದ ದಿನದಿಂದ ಒಂಬತ್ತು ತಿಂಗಳು ಆದ್ಮೇಲೆ ಕಾಯಿಲೆ ರಜೆ ದುಡ್ಡು ಶುರು. ಅವರು ಮಧ್ಯದಲ್ಲಿ ಸೇರಿರೋದ್ರಿಂದ ಅವರ ಮೊದಲ ಅವಧಿಗೆ ಸಿಗೋ ದಿನಗಳಲ್ಲಿ ಅರ್ಧ ಆಗಿದ್ರೂ ಸಾಕು.

ಎಷ್ಟು ಬರುತ್ತೆ ಅಂದ್ರೆ ಸರಾಸರಿ ದಿನಗೂಲಿಯ 70 ಪರ್ಸೆಂಟು. ಆರು ತಿಂಗಳ ಒಟ್ಟು ಸಂಬಳನ, ಸಂಬಳ ಕೊಟ್ಟ ದಿನಗಳಿಂದ ಭಾಗ ಹಾಕಿ. 90,000 ಸಂಬಳ, 180 ದಿನ ಅಂತ ಇಟ್ಕೊಂಡ್ರೆ ದಿನಕ್ಕೆ 500, ಅದರಲ್ಲಿ 350 ಬರುತ್ತೆ. ಹುಷಾರಿಲ್ದಾಗ ಮೊದಲ ಎರಡು ದಿನಕ್ಕೆ ಏನೂ ಇಲ್ಲ, ಮೂರನೇ ದಿನದಿಂದ ಲೆಕ್ಕ. ಅಕ್ಕಂಗೆ ದಿನಕ್ಕೆ 520 ಬೀಳ್ತಿತ್ತು, 70 ಪರ್ಸೆಂಟ್ ಅಂದ್ರೆ 364, 16 ದಿನದಲ್ಲಿ ಎರಡು ಕಳ್ದು 14 ದಿನಕ್ಕೆ 5,096 ಬಂತು. ಗುಣ ಆಗಿ ಕೆಲಸಕ್ಕೆ ಹೋದ್ಮೇಲೆ 15 ದಿನದೊಳಗೆ ಮತ್ತೆ ಮಲಗಿದ್ರೆ ಆ ಎರಡು ದಿನ ಮತ್ತೆ ಕಳೆಯಲ್ಲ, ಇದು ತುಂಬಾ ಜನಕ್ಕೆ ಗೊತ್ತಿರಲ್ಲ, ಕೇಳಿ ತಗೊಳ್ಳಿ. ಎರಡು ಅವಧಿ ಸೇರಿ 91 ದಿನದವರೆಗೂ ಕೊಡ್ತಾರೆ.

ಒಂದು ಎಚ್ಚರಿಕೆ. ಕಂಪನಿ ಆ ದಿನಗಳಿಗೆ ರಜೆ ಸಂಬಳ ಕೊಟ್ಟಿದ್ರೆ ಅದೇ ದಿನಕ್ಕೆ ಇಎಸ್‌ಐ ದುಡ್ಡು ಬರಲ್ಲ, ಎರಡೂ ಕಡೆ ತಗೊಳ್ಳೋ ಹಾಗಿಲ್ಲ. ಬ್ರಾಂಚ್ ಆಫೀಸಿನವರು ನೀವು ಆ ದಿನ ಕೆಲಸ ಮಾಡಿಲ್ಲ ಅಂತ ಕಂಪನಿಯಿಂದ ಖಾತ್ರಿ ಮಾಡ್ಕೋತಾರೆ. ಹಾಗಾಗಿ ರಜೆ ಹೇಳುವಾಗ್ಲೇ "ನನ್ನ ಅರ್ನ್ಡ್ ಲೀವ್ ಮುರೀಬೇಡಿ, ನಾನು ಇಎಸ್‌ಐ ಹಾಕ್ತೀನಿ" ಅಂತ ಎಚ್‌ಆರ್‌ಗೆ ಮೆಸೇಜಲ್ಲಿ ತಿಳ್ಸಿಬಿಡಿ, ಬಾಯಲ್ಲಿ ಹೇಳಿದ್ದು ಯಾರಿಗೂ ನೆನಪಿರಲ್ಲ. ಎರಡು ಮೂರು ದಿನದ ನೆಗಡಿ ಜ್ವರಕ್ಕೆ ಕಂಪನಿ ರಜೆನೇ ವಾಸಿ, ಎರಡು ದಿನ ಹೆಂಗೂ ಕಳೀತಾರೆ. ಟೈಫಾಯ್ಡು, ಆಪರೇಷನ್ನು, ಕಾಲು ಮುರಿಯೋದು ಇಂಥದ್ದಕ್ಕೆ ಇಎಸ್‌ಐ ಹಾಕಿ.

ಹುಷಾರು ತಪ್ಪಿದ ಮೊದಲ ದಿನವೇ ನಿಮ್ಮ ಡಿಸ್ಪೆನ್ಸರಿಗೆ ಹೋಗಿ. ಆಗಲ್ಲ, ಎದ್ದು ನಿಲ್ಲೋಕೂ ಆಗ್ತಿಲ್ಲ ಅಂದ್ರೆ ಮನೆಯವರನ್ನ ಕಾರ್ಡ್ ಕೊಟ್ಟು ಕಳ್ಸಿ ಕೇಳ್ಸಿ. ಬರೀ ಮಾತ್ರೆ ತಗೊಂಡು ಬರ್ಬೇಡಿ, "ಡಾಕ್ಟ್ರೇ, ನಾನು ಕೆಲಸಕ್ಕೆ ಹೋಗಲ್ಲ, ರಜೆ ಸರ್ಟಿಫಿಕೇಟ್ ಬೇಕು" ಅಂತ ಬಾಯಿಬಿಟ್ಟು ಕೇಳ್ಬೇಕು, ಕೇಳ್ದೇ ಇದ್ರೆ ಸುಮಾರು ಕಡೆ ಬರೆಯಲ್ಲ. ರಜೆ ಉದ್ದ ಆದ್ರೆ ನಡುವೆ ಮತ್ತೆ ಹೋಗಿ ಮುಂದಿನ ಸರ್ಟಿಫಿಕೇಟ್ ತಗೋಬೇಕು, ಕೊನೇಲಿ ಕೆಲಸಕ್ಕೆ ಹೋಗೋಕೆ ಫಿಟ್ ಅಂತ ಒಂದು. ಮಧ್ಯೆ ಒಂದು ದಿನ ಖಾಲಿ ಬಿಟ್ರೂ ಆ ದಿನದ ದುಡ್ಡು ಹೋಯ್ತು. ರಾತ್ರೋರಾತ್ರಿ ಪ್ರೈವೇಟ್ ಆಸ್ಪತ್ರೆಗೆ ಸೇರಿದ್ರೆ ಅಲ್ಲಿನ ಡಿಸ್ಚಾರ್ಜ್ ಸಮ್ಮರಿ, ಬಿಲ್ಲು, ರಿಪೋರ್ಟು ಎಲ್ಲ ತಗೊಂಡು ಬೇಗ ಡಿಸ್ಪೆನ್ಸರಿ ಡಾಕ್ಟ್ರಿಗೆ ತೋರ್ಸಿ, ಅವರು ನೋಡಿ ಒಪ್ಪಿದ್ಮೇಲೇನೇ ರಜೆ ದುಡ್ಡಿಗೆ ದಾರಿ. ತಿಂಗಳು ಬಿಟ್ಟು ಹೋದ್ರೆ ಯಾರೂ ನಂಬಲ್ಲ. ಸರ್ಟಿಫಿಕೇಟ್ ಸಿಕ್ಕಿದ್ ತಕ್ಷಣ ಫೋನಲ್ಲಿ ಎರಡೂ ಕಡೆ ಫೋಟೋ ಹೊಡ್ಕೊಂಡು ಆಮೇಲೆ ಬ್ರಾಂಚ್ ಆಫೀಸಿಗೆ ಕ್ಲೇಮ್ ಜೊತೆ ಕೊಡಿ.

ದುಡ್ಡು ನೇರ ಬ್ಯಾಂಕಿಗೆ ಬರುತ್ತೆ, ನಿಂತು ಹೋಗೋದೂ ಜಾಸ್ತಿ ಅಲ್ಲೇ. ನಮ್ಮ ಕಡೆ ತುಂಬಾ ಜನದ ಅಕೌಂಟು ವಿಜಯಾ ಬ್ಯಾಂಕು, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕು, ಸ್ಟೇಟ್ ಬ್ಯಾಂಕ್ ಆಫ್ ಮೈಸೂರಲ್ಲಿ ಇತ್ತಲ್ಲ, ಅವೆಲ್ಲ ಬೇರೆ ಬೇರೆ ಬ್ಯಾಂಕಿಗೆ ಸೇರಿಹೋಗಿವೆ. ವಿಜಯಾ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಮೈಸೂರು ಬ್ಯಾಂಕು ಎಸ್‌ಬಿಐಗೆ. ಹಳೇ ಐಎಫ್‌ಎಸ್‌ಸಿ ಕೋಡ್ ಇಎಸ್‌ಐ ದಾಖಲೆಯಲ್ಲಿ ಹಂಗೇ ಕೂತಿದ್ರೆ ದುಡ್ಡು ಬರಲ್ಲ. ಇನ್ನೊಂದು ಇನಿಶಿಯಲ್ ಕಾಟ. ಆಧಾರಲ್ಲಿ ಹೆಸರಿನ ಹಿಂದೆ ಇನಿಶಿಯಲ್, ಬ್ಯಾಂಕಲ್ಲಿ ಮುಂದೆ, ಇಎಸ್‌ಐಲಿ ಗಂಡನ ಹೆಸರು ಸೇರ್ಸಿ. ಮೂರೂ ಕಡೆ ಒಂದೇ ಥರ ಮಾಡ್ಸಿ, ಚೆನ್ನಾಗಿರುವಾಗ ಮಾಡ್ಸಿ, ಜ್ವರ ಇಟ್ಕೊಂಡು ಅಲೆಯೋಕಾಗಲ್ಲ.

ಟಿಬಿ, ಕ್ಯಾನ್ಸರ್, ಕಿಡ್ನಿ ಫೇಲ್ ಥರದ ದೊಡ್ಡ ಕಾಯಿಲೆಗೆ ಬೇರೆ ಲೆಕ್ಕ ಇದೆ. ಪಟ್ಟಿಯಲ್ಲಿ 34 ಕಾಯಿಲೆ ಇವೆ. ಮೊದಲು 91 ದಿನ 70 ಪರ್ಸೆಂಟ್, ಆಮೇಲೆ 80 ಪರ್ಸೆಂಟಂತೆ, ಎರಡು ವರ್ಷದವರೆಗೂ ಸಿಗೋ ಅವಕಾಶ ಇದೆ. ಎರಡು ವರ್ಷದಿಂದ ಇಎಸ್‌ಐಲಿ ಇರ್ಬೇಕು, ಹಿಂದಿನ ನಾಲ್ಕು ಅವಧಿಯಲ್ಲಿ ಒಟ್ಟು 156 ದಿನ ಕಟ್ಟಿರ್ಬೇಕು. ನಮ್ಮ ಲೈನಲ್ಲಿ ಒಬ್ಬರಿಗೆ ಟಿಬಿ ಆದಾಗ ಯಾರಿಗೂ ಹೇಳ್ದೇ ಕೆಲಸ ಬಿಟ್ಟು ಊರಿಗೆ ಹೋದ್ರು, ನಾಚ್ಕೊಂಡು. ಎರಡು ವರ್ಷದ ಮುಕ್ಕಾಲು ಸಂಬಳ ಬಿಟ್ಟು ಹೋದ್ರು ಅವರು, ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ.

ಈಗ ಹೆರಿಗೆ. ನನ್ನ ಮೊದಲ ಮಗು 2014ರಲ್ಲಿ. ಆರು ತಿಂಗಳು ತುಂಬಿದಾಗ ಸೂಪರ್‌ವೈಸರ್ ಕರ್ದು "ಇನ್ನು ನಿನ್ ಕೈಲಿ ಪ್ರೊಡಕ್ಷನ್ ಆಗಲ್ಲಮ್ಮ, ರಿಸೈನ್ ಬರ್ಕೊಡು, ಪಿಎಫ್ ದುಡ್ಡೂ ಬರುತ್ತೆ, ಮಗು ಆದ್ಮೇಲೆ ಬಾ, ತಗೋತೀವಿ" ಅಂದ್ರು. ಬರ್ಕೊಟ್ಟೆ. ಆಗ ಹೆರಿಗೆ ರಜೆ 12 ವಾರ ಇತ್ತು, 84 ದಿನದ ಪೂರ್ತಿ ಸಂಬಳದ ಬಗ್ಗೆ ನಂಗೆ ಗೊತ್ತೇ ಇರ್ಲಿಲ್ಲ, ಹೇಳೋರೂ ಇರ್ಲಿಲ್ಲ. ನಮ್ಮ ಅವ್ವ ಕಿವಿಯೋಲೆ ಅಡ ಇಟ್ಟು ಬಾಣಂತನ ಮಾಡಿದ್ಳು. ಅದಕ್ಕೇ ಹೇಳೋದು, ಬಸುರಿ ಇದ್ದಾಗ ಯಾವ ಕಾರಣಕ್ಕೂ ರಾಜೀನಾಮೆಗೆ ಸೈನ್ ಹಾಕ್ಬೇಡಿ. ಖಾಲಿ ಪೇಪರ್‌ಗೂ ಹಾಕ್ಬೇಡಿ. ಪಿಎಫ್ ದುಡ್ಡಿಗೋಸ್ಕರ ಕೆಲಸ ಬಿಟ್ಟು ಮತ್ತೆ ಸೇರೋ ಅಭ್ಯಾಸ ನಮ್ಮ ಗಾರ್ಮೆಂಟ್ಸ್ ಹೆಣ್ಮಕ್ಕಳಲ್ಲಿ ಜಾಸ್ತಿ, 2016ರ ಏಪ್ರಿಲಲ್ಲಿ ಪಿಎಫ್ ತೆಗೆಯೋಕೆ ಬಿಡಲ್ಲ ಅಂದಾಗ ಬೆಂಗಳೂರು ರಸ್ತೆಗೆ ಸಾವಿರಾರು ಜನ ಇಳ್ದಿದ್ದು ನೆನಪಿರ್ಬೋದು, ಆ ಕಷ್ಟ ನಂಗೂ ಗೊತ್ತು. ಆದ್ರೆ ಹೆರಿಗೆ ಮುಂಚೆ ಹಂಗೆ ಮಾಡಿದ್ರೆ ಇಎಸ್‌ಐ ದಿನ ತುಂಡಾಗುತ್ತೆ.

ಈಗ ರಜೆ 26 ವಾರ, 2017ರಿಂದ. ಪೂರ್ತಿ ಸಂಬಳ, 70 ಅಲ್ಲ, ನೂರಕ್ಕೆ ನೂರು. ದಿನಕ್ಕೆ 500 ಲೆಕ್ಕ ಇದ್ರೆ 182 ದಿನಕ್ಕೆ 91,000 ರೂಪಾಯಿ. ಹೆರಿಗೆ ದಿನಕ್ಕೆ ಮುಂಚೆ ಎಂಟು ವಾರದ ತನಕ ತಗೋಬೋದು, ಉಳಿದಿದ್ದು ಆಮೇಲೆ. ಮೊದಲ ಎರಡು ಮಕ್ಕಳಿಗೆ ಇದು, ಎರಡು ಮಕ್ಕಳು ಆಗ್ಲೇ ಇದ್ರೆ ಮೂರನೇದಕ್ಕೆ 12 ವಾರ. ಇದಕ್ಕೆ ದಿನದ ಲೆಕ್ಕ ಹಗುರ, ಹಿಂದಿನ ಎರಡು ಅವಧಿ ಸೇರ್ಸಿ 70 ದಿನ ಇದ್ರೆ ಸಾಕು. ಗರ್ಭ ಹೋದ್ರೂ ಆರು ವಾರದ ಸಂಬಳ ಇದೆ, ಆ ದುಃಖದಲ್ಲಿ ಯಾರೂ ಕೇಳೋಕೆ ಹೋಗಲ್ಲ, ಮನೇಲಿರೋ ಗಂಡಸ್ರಾದ್ರೂ ಡಾಕ್ಟ್ರ ಚೀಟಿ ಇಟ್ಕೊಂಡು ಹೋಗಿ ಕೇಳ್ಬೇಕು. ಬಸುರಿಂದಾನೋ ಹೆರಿಗೆಯಿಂದಾನೋ ಕಾಯಿಲೆ ಆದ್ರೆ, ಮಗು ದಿನ ತುಂಬೋಕೆ ಮುಂಚೆ ಹುಟ್ಟಿದ್ರೆ ಇನ್ನೂ ಒಂದು ತಿಂಗಳು ಸೇರ್ಸಿ ಕೊಡ್ತಾರೆ.

ಮಾಡ್ಬೇಕಾಗಿರೋದು ಇಷ್ಟು, ಬಸುರಿ ಅಂತ ಗೊತ್ತಾದ್ಮೇಲೆ ತಡ ಮಾಡ್ದೇ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಹೆಸರು ಬರ್ಸಿ, ಹೆರಿಗೆ ದಿನ ಯಾವಾಗ ಅನ್ನೋ ಸರ್ಟಿಫಿಕೇಟ್ ತಗೊಳ್ಳಿ, ಕಂಪನಿಗೆ ಯಾವತ್ತಿಂದ ರಜೆ ಅಂತ ಬರವಣಿಗೇಲಿ ಕೊಟ್ಟು ಒಂದು ಕಾಪಿಗೆ ಸೀಲ್ ಹಾಕಿಸ್ಕೊಳ್ಳಿ, ಮಗು ಆದ್ಮೇಲೆ ಹೆರಿಗೆ ಸರ್ಟಿಫಿಕೇಟ್ ಕೊಟ್ಟು ಕ್ಲೇಮ್ ಮುಗ್ಸಿ. ತವರುಮನೆ ಊರಲ್ಲಿ ಇಎಸ್‌ಐ ಆಸ್ಪತ್ರೆ ಇಲ್ಲ, ಬೇರೆ ಕಡೆ ಹೆರಿಗೆ ಆಯ್ತು ಅಂದ್ರೂ ರಜೆ ಸಂಬಳ ನಿಲ್ಲಲ್ಲ, ಮೇಲೆ ಹೆರಿಗೆ ಖರ್ಚಿಗೆ ಅಂತ 7,500 ಕೂಡ ಇದೆ. ಆ 7,500 ಇಎಸ್‌ಐ ಇರೋ ಗಂಡಸರ ಹೆಂಡತಿಗೂ ಬರುತ್ತೆ, ಎರಡು ಹೆರಿಗೆ ತನಕ. ರಜೆಯಲ್ಲಿದ್ದಾಗ ಕಂಪನಿಯವರು ತಿಂಗಳ ಎಂಟ್ರಿಯಲ್ಲಿ ನಿಮ್ಮ ಮುಂದೆ ಸೊನ್ನೆ ದಿನ ಹಾಕಿ ಕಾರಣ ಆರಿಸ್ತಾರೆ, ಅಲ್ಲಿ ರಜೆ ಅಂತ ಇರ್ಬೇಕು, ಕೆಲಸ ಬಿಟ್ಟಿದ್ದಾರೆ ಅಂತ ಆರ್ಸಿದ್ರೆ ನೀವು ಹೊರಗೆ. ಟೈಮ್ ಆಫೀಸಲ್ಲಿ ನಾನೇ ನೋಡಿದೀನಿ, ಅವಸರದಲ್ಲಿ ಒಂದು ಕ್ಲಿಕ್ಕಲ್ಲಿ ಆಗಿಹೋಗುತ್ತೆ.

ಗಂಡಂಗೆ ಏನಿದೆ ಅಂತ ಕೇಳ್ತಾರೆ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ, ಪ್ರೈವೇಟಲ್ಲಿ ಕಾನೂನಿನ ಪ್ರಕಾರ ಕೊಡ್ಲೇಬೇಕು ಅಂತ ಇಲ್ಲ, ಕಂಪನಿ ಪಾಲಿಸಿ ಇದ್ರೆ ಮಾತ್ರ. ಮಗುಗೋ ವಯಸ್ಸಾದ ಅಪ್ಪ ಅಮ್ಮಂಗೋ ಹುಷಾರಿಲ್ಲ ಅಂತ ರಜೆ ಹಾಕಿದ್ರೆ ಇಎಸ್‌ಐಲಿ ಅವರ ಚಿಕಿತ್ಸೆ ಸಿಗುತ್ತೆ, ನಿಮ್ಮ ಸಂಬಳ ಸಿಗಲ್ಲ. ಅಕ್ಕಂಗೆ ದಿನ ಕಮ್ಮಿ ಆಗಿದ್ದೂ ಹೀಗೇ ಅಮ್ಮನ್ನ ನೋಡ್ಕೊಳೋಕೆ ಹೋಗಿ. ಇದು ಸರಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಅಂಥ ಸಂದರ್ಭ ಬಂದ್ರೆ ಆ ಆರು ತಿಂಗಳಲ್ಲಿ 78 ಆಗೋ ಹಾಗೆ ಲೆಕ್ಕ ಹಾಕ್ಕೊಂಡು ರಜೆ ಹಾಕಿ, ನಿಮ್ಮ ಅರ್ನ್ಡ್ ಲೀವ್ ಉಳ್ದಿದ್ರೆ ಅದನ್ನ ಆಗ ಬಳಸಿ, ಸಂಬಳ ಬರೋ ರಜೆ ದಿನಾನೂ ಲೆಕ್ಕಕ್ಕೆ ಸೇರುತ್ತೆ.

21,000 ದಾಟಿದೋರ ಬಗ್ಗೆ ಎರಡು ಮಾತು. ಇನ್ಕ್ರಿಮೆಂಟ್ ಜೂನಲ್ಲಿ ಆಗಿ ದಾಟಿದ್ರೂ ಸೆಪ್ಟೆಂಬರ್ 30ರ ತನಕ ಇಎಸ್‌ಐ ಕಟ್ಬೇಕು, ಮಧ್ಯದಲ್ಲೇ ನಿಲ್ಸೋ ಹಾಗಿಲ್ಲ. ಆಮೇಲೆ ಹೊರಗೆ ಬಂದೋರಿಗೆ ಹೆರಿಗೆ ಸಂಬಳ ಕಂಪನಿನೇ ಕೊಡ್ಬೇಕು, ಅದೇ 26 ವಾರ, ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ರೆ ಸಾಕು. 2025ರ ನವೆಂಬರ್ 21ರಿಂದ ಹಳೇ ಇಎಸ್‌ಐ ಕಾಯ್ದೆ, ಹೆರಿಗೆ ಕಾಯ್ದೆ ಎಲ್ಲಾ ಸೇರಿ ಸಾಮಾಜಿಕ ಭದ್ರತಾ ಸಂಹಿತೆ ಅಂತ ಒಂದೇ ಆಗಿದೆ, ಈ 26 ವಾರ, 80 ದಿನ ಅದರಲ್ಲೂ ಹಾಗೇ ಇದೆ, "ಹೊಸ ಕಾನೂನು ಬಂದಿದೆ, ಈಗ ಅದೆಲ್ಲಾ ಇಲ್ಲ" ಅಂದ್ರೆ ನಂಬ್ಬೇಡಿ. ಹೆರಿಗೆ ರಜೆಯಲ್ಲಿ ಇರುವಾಗ ಕೆಲಸದಿಂದ ತೆಗೆಯೋದು ಕಾನೂನಿಗೆ ವಿರುದ್ಧ.

ಇನ್ನು ನಿಮ್ಮ ದಿನ ನೋಡೋದು ಹೇಗೆ. ಇಎಸ್‌ಐ ವೆಬ್‌ಸೈಟಲ್ಲಿ ಇನ್ಶೂರೆನ್ಸ್ ನಂಬರ್ ಮತ್ತೆ ಮೊಬೈಲ್ ನಂಬರ್ ಹಾಕಿ ಲಾಗಿನ್ ಮಾಡ್ಕೋಬೋದು, ಸರ್ಕಾರದ ಉಮಂಗ್ ಆ್ಯಪಲ್ಲೂ ಇದೆ, ಆಗ್ಲಿಲ್ಲ ಅಂದ್ರೆ ಸೈಬರ್ ಸೆಂಟರಲ್ಲಿ ಮಾಡ್ಸಿ. ಹೋದ ತಿಂಗಳದ್ದು ಕಂಪನಿ ಈ ತಿಂಗಳು 15ರೊಳಗೆ ಕಟ್ಬೇಕು, ಹಾಗಾಗಿ 20ನೇ ತಾರೀಖು ಹೊತ್ತಿಗೆ ಒಂದ್ಸಲ ನೋಡಿ. ಪೇ ಸ್ಲಿಪ್ಪಲ್ಲಿರೋ ದಿನ, ಅಲ್ಲಿರೋ ದಿನ ಒಂದೇನಾ ಅಂತ ನೋಡಿ, ತಪ್ಪಿದ್ರೆ ಅದೇ ವಾರ ಹೇಳಿ, ಬೇಗ ಹೇಳಿದ್ರೆ ಕಂಪನಿಯವರಿಗೂ ಸರಿ ಮಾಡೋದು ಸುಲಭ. ಸಂಬಳದಲ್ಲಿ ಹಿಡ್ದು ಕಟ್ಟೇ ಇಲ್ಲ ಅಂದ್ರೆ ಅದು ಅಪರಾಧ, ಅದರಿಂದ ನಿಮ್ಮ ಹಕ್ಕು ಹೋಗಲ್ಲ, ಆ ದಿನಕ್ಕೆ ಕಟ್ಬೇಕಾಗಿತ್ತು ಅಂತ ತೋರ್ಸೋಕೆ ಪೇ ಸ್ಲಿಪ್ಪು, ಹಾಜರಿ ಕಾರ್ಡು ಬೇಕು. ಕಂಪನಿ ಕೇಳಲ್ಲ ಅಂದ್ರೆ ನಿಮ್ಮ ಬ್ರಾಂಚ್ ಆಫೀಸಲ್ಲಿ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಬೆಂಗಳೂರಲ್ಲಿ ಬಿನ್ನಿಪೇಟೆ ಹತ್ರ ರೀಜನಲ್ ಆಫೀಸ್ ಇದೆ, ಟೋಲ್ ಫ್ರೀ ನಂಬರ್ 1800-11-2526.

ಅಕ್ಕ ಈಗ ಪ್ರತಿ ತಿಂಗಳು ಸ್ಲಿಪ್ ಬಂದ ದಿನ ಅಡುಗೆಮನೆ ಕ್ಯಾಲೆಂಡರ್ ಮೇಲೆ ದಿನ ಬರೀತಾರೆ. ಈ ಅವಧಿಗೆ ಅವರದು ಆಗ್ಲೇ 103 ಆಗಿದೆ.